ಸುತ್ತಲಿನ ಸದ್ದು

ರೀ,

ನಾನು ಹೊಲಿಗೆ ಅಂಗಡಿಗೆ ಹೊರಟೆ. ಅತ್ತೆಯ ಊಟ ಮುಚ್ಚಿಟ್ಟಿದ್ದೀನಿ, ಮಾತ್ರೆ ಊಟ ಆದಮೇಲೇ ಕೊಡಿ.

ಸ್ಪೀಕರ್ ಇವತ್ತು ತಂದೇ ತರ್ತೀನಿ ಅಂತಿದ್ರೆ, ಟಿವಿ ಕೆಳಗೆ ಇಡೋ ಆ ಉದ್ದದ್ದು ಒಂದೇ ತನ್ನಿ. ಐದು ಸ್ಪೀಕರಿನ ಸೆಟ್ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಸೋಫಾ ಗೋಡೆಗೆ ಅಂಟಿಕೊಂಡಿದೆ, ಅದರ ಹಿಂದೆ ಎಲ್ಲಿ ಇಡ್ತೀರಿ? ನಡುವೆ ವೈರ್ ಎಳೆದ್ರೆ ಅತ್ತೆಯ ವಾಕರ್ ಸಿಕ್ಕಿಹಾಕ್ಕೊಳ್ಳತ್ತೆ, ಆಮೇಲೆ ಓಡಾಡೋಳು ನಾನೇ.

ಸುತ್ತಲಿಂದ ಸದ್ದು ಬರಬೇಕು ಅಂತ ಒಂದೇ ಸಮ ಜಪ ಮಾಡ್ತೀರಲ್ಲ, ನನಗೆ ಅದು ಬಿಟ್ಟಿಯಾಗೇ ಬರ್ತಿದೆ: ಒಳಗಿಂದ ಅತ್ತೆ, ಬಚ್ಚಲಿಂದ ವಾಷಿಂಗ್ ಮಷಿನ್, ಸೋಫಾದಿಂದ ನೀವು. ತಪ್ಪಿಸಿಕೊಂಡು ಕೂರೋಕೆ ಈ ಮನೇಲಿ ಒಂದು ಮೂಲೆ ಇಲ್ಲ.

ಹಾಂ, ಅಂಗಡೀಲಿ ಕೇಳಿ ನೋಡುವಾಗ ನಿಮ್ಮ ಕಿವಿ ಮಾತ್ರ ನಂಬಬೇಡಿ. ನಿನ್ನೆ ಸಂಜೆ ನೀವು ಫೋನಿನಲ್ಲಿ ಸ್ಪೀಕರ್ ನೋಡ್ತಾ ಕೂತಿದ್ರಿ. "ಯಾರದು ಅಳ್ತಿರೋದು?" ಅಂತ ಅತ್ತೆ ಒಳಗಿಂದ ಕೂಗಿದ್ರು. ನೀವು ತಲೆ ಎತ್ತದೇ "ಟಿವೀಲಿ ಅಮ್ಮಾ" ಅಂದ್ರಿ.

ಅಡುಗೆಮನೇಲಿ ನಾನೊಬ್ಬಳೇ ಇದ್ದೆ. ಟಿವಿ ಹಾಕೇ ಇರಲಿಲ್ಲ ರೀ.