ಅಜ್ಜಿ ಒಲೆಗೆ ಬೋರ್ಡು ಬರೆದದ್ದು

ಮಾರ್ಚ್ 3, ಸೋಮವಾರ

ನಮ್ಮ ಬೀದಿಯ ಬೇಕರಿ ಅಕ್ಕನ ರೇಟ್ ಬೋರ್ಡು ಮುಗೀತು. ಬ್ರೆಡ್ಡು, ಬನ್ನು, ಬಿಸ್ಕತ್ತು — ಹಳದಿ ಅಕ್ಷರ, ಕೆಂಪು ನೆರಳು. ದುಡ್ಡು ಬೇಡ ಅಂದೆ. ಅಕ್ಕ ಬೈದಳು.

"ಕೆಲಸ ಇಲ್ಲದವಳು ಧರ್ಮಕ್ಕೆ ಬರೀತಾಳಂತೆ. ದೊಡ್ಡ ಧಣಿ ನೀನು!"

ಒಂದು ಬ್ರೆಡ್ಡು ಕಂಕುಳಿಗೆ ತುರುಕಿ ಓಡಿಸಿದಳು. ಇನ್ನೂ ಬಿಸಿ ಇತ್ತು.

ಮಧ್ಯಾಹ್ನ ಪ್ಯಾಕಿಂಗ್ ಕಂಪನಿಯ ಇಂಟರ್‌ವ್ಯೂ. ಅನುಭವ ಏನು ಅಂದರು. ಹೇಳಿದೆ. ಅಪ್ಪನಿಂದ ಕಲಿತ ಬೋರ್ಡು ಕೆಲಸ. ಹೋರಾಟದ ಸಂಘಟನೆಗೆ ಗೋಡೆ ಬರಹ ಬರೆದು ಪಳಗಿದ ಕೈ. ಫ್ಲೆಕ್ಸ್ ಬಂದು ಬ್ರಷ್ಷು ಮೂಲೆಗೆ ಬಿತ್ತು. ಹೊಟ್ಟೆಪಾಡಿಗೆ ಅದೇ ಫ್ಲೆಕ್ಸ್ ಪ್ರೆಸ್ಸಿಗೆ ಸೇರಿದೆ. ಹೋದ ವರ್ಷ ಅದೂ ಮುಚ್ಚಿತು. ಗೋಡೆ ಬರೆದದ್ದು ಹೇಳಬಾರದಿತ್ತೇನೋ. ಪ್ರಶ್ನೆ ಕೇಳ್ತಿದ್ದವ ಪೆನ್ನು ಕೆಳಗಿಟ್ಟ.

"ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣ್ತೀರಿ?"

"ಮುಂದಿನ ತಿಂಗಳು ಎಲ್ಲಿರ್ತೀನಿ ಅಂತ ಮೊದಲು ನೀವು ಹೇಳಿ."

ತಿಳಿಸ್ತೀವಿ ಅಂದರು. ತಿಳೀತು.

ಮಾರ್ಚ್ 5, ಬುಧವಾರ

ತಂಗಿ ಸಾಮಾನು ತಂದಳು. ಹಳದಿ ಚೀಲ! ಬೈಪಾಸ್ ಪಕ್ಕದ ಆ ಕಂಪನಿ ಅಂಗಡಿಯದ್ದು. ನಮ್ಮ ಬೀದಿಯ ದರ್ಜಿಯನ್ನು ನುಂಗಿದ್ದು ಅದು. ಪುಸ್ತಕದಂಗಡಿಯವನನ್ನು ನುಂಗಿದ್ದು ಅದು. ಇನ್ನೂ ಬಾಯಿ ತೆರೆದೇ ಇದೆ. ನಮ್ಮ ಮನೆಗೆ ಆ ಚೀಲ ಬರಬಾರದು ಅಂತ ಎಷ್ಟು ಸಲ ಬಡ್ಕೊಂಡಿದೀನಿ.

"ಹೋರಾಟ ನಿಂದು. ಸೋಪು ನನ್ನ ಸಂಬಳದ್ದು. ಎರಡನ್ನೂ ಕಲಸಬೇಡ ಅಕ್ಕಾ."

ಮಾತು ಬೆಳೀತು. ಕೊನೆಗೆ ಅವಳು ಮೆಲ್ಲಗೆ ಹೇಳಿದ್ದು: ಕಣ್ಣಾಸ್ಪತ್ರೆಯಲ್ಲಿ ಅವಳ ಕಾಂಟ್ರಾಕ್ಟು ಈ ತಿಂಗಳ ಕೊನೆಗೆ ಮುಗಿಯುತ್ತೆ. ಮುಂದುವರಿಸಲ್ವಂತೆ. ರಿಸೆಪ್ಷನ್ನಿಗೆ ಮೆಷಿನ್ ಇಡ್ತಾರಂತೆ.

ಅಂದರೆ ಏಪ್ರಿಲ್‌ನಿಂದ ಈ ಮನೆಯಲ್ಲಿ ದುಡಿಯೋ ಕೈ ಒಂದೂ ಇಲ್ಲ.

ಸೋಪಿಗೆ ಚೆನ್ನಾಗಿ ನೊರೆ ಬರುತ್ತೆ, ಥೂ.

ಮಾರ್ಚ್ 10, ಸೋಮವಾರ

ಗಿರಾಕಿ! ಮನೆ ಹುಡುಕಿಕೊಂಡು ಬಂದ. ಮಾಸಿದ ಅಂಗಿ, ಸವೆದ ಚಪ್ಪಲಿ. ನಮ್ಮ ಬೀದಿ ಮೂಲೆಯಲ್ಲಿ ಬೇಕರಿ ಇಡ್ತಾನಂತೆ. ತಾನು, ಹೆಂಡತಿ. "ಕೈಯಲ್ಲೇ ಬರೆದ ಬೋರ್ಡು ಬೇಕು ಅಕ್ಕ, ಫ್ಲೆಕ್ಸ್ ಬೇಡ." ಈ ಕಾಲದಲ್ಲಿ ಹೀಗನ್ನೋರು ಯಾರು! ಹೆಸರು — ಅಜ್ಜಿ ಒಲೆ. ಯಾವ ಅಜ್ಜಿ ಅಂದೆ. "ನಮ್ಮಜ್ಜಿ. ಸಾಕಿದವಳು" ಅಂದ. ನನ್ನ ಕಣ್ಣು ಒದ್ದೆ ಆಯ್ತು.

ಅರ್ಧ ಕೂಲಿಗೆ ಒಪ್ಪಿಕೊಂಡೆ. ಸಣ್ಣವರಿಗೆ ನಾನು ಯಾವಾಗಲೂ ಅಷ್ಟೇ.

ಬೇಕರಿ ಅಕ್ಕನನ್ನು ಕೇಳಿಯೇ ಒಪ್ಪಿದ್ದು. ಎದುರಾಳಿಗೆ ಬರೀಲಾ ಅಂದೆ. "ಬರಿ. ಬೀದಿ ಅಂದಮೇಲೆ ಎರಡು ಒಲೆ ಉರೀಲಿ. ನಾನೇನು ಬೀದಿ ಬರೆಸಿಕೊಂಡಿದೀನಾ?" — ಇವಳು ಮನುಷ್ಯಳು.

ಮಾರ್ಚ್ 13, ಗುರುವಾರ

ಬೋರ್ಡು ಎದ್ದಿತು. ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೆದೆ. ಮೊದಲ ಅಕ್ಷರ ಸ್ವಲ್ಪ ಸೊಟ್ಟಗಾಯ್ತು. ಎರಡನೇ ಅಕ್ಷರಕ್ಕೆ ಸರಿಹೋಯ್ತು. 'ಒ' ದ ಹೊಟ್ಟೆ ಅಪ್ಪ ಬರೆಯೋ ಹಾಗೇ ಬಂತು, ಉಂಡು ಕೂತ ಯಜಮಾನನ ಥರ. ಕೆಳಗೆ ಸಣ್ಣಕ್ಕೆ: ಮನೆಯವರೇ ನಡೆಸುವ ಬೇಕರಿ.

ಮಾಸಲಂಗಿಯವ ಒಂದು ವಿಚಿತ್ರ ಕೇಳಿದ. ಬಣ್ಣ ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಕಂತೆ. ಹಳೇದರ ಹಾಗೆ ಕಾಣಬೇಕಂತೆ. ಹೊಸ ಬಣ್ಣವನ್ನ ನನ್ನ ಕೈಯಾರೆ ಕೆರೆದೆ. ಮನಸ್ಸಿಗೆ ಒಂಥರಾ ಆಯ್ತು. ಅಜ್ಜಿ ನೆನಪಿಗೆ ಅಂದುಕೊಂಡೆ.

ಮಾರ್ಚ್ 19, ಬುಧವಾರ

ಅಜ್ಜಿ ಒಲೆ ತೆರೀತು. ಕೌಂಟರಿನಲ್ಲಿ ಯಾರು? ಫ್ಲೆಕ್ಸ್ ಪ್ರೆಸ್ಸಲ್ಲಿ ಲ್ಯಾಮಿನೇಷನ್ ಮಾಡ್ತಿದ್ದ ನನ್ನ ಗೆಳತಿ! ಅವಳಿಗೂ ಕೆಲಸ ಸಿಕ್ತು. ಎದೆಗೆ ಏಪ್ರನ್ನು, ತಲೆಗೆ ಬಟ್ಟೆ. ಹಾಲು ಕುಡಿದ ಹಾಗಾಯ್ತು.

ದಿನವಿಡೀ ಬೀದಿಯಲ್ಲಿ ನಿಂತು ಹೇಳಿದೆ. ಹೊಸಬರು, ನಮ್ಮಂಥವರು, ಹೋಗಿ ಬನ್ನಿ. ಚಪ್ಪಲಿ ಹೊಲಿಯುವವರು ಹೋದರು. ಕ್ಲಿನಿಕ್ಕಿನ ನರ್ಸಮ್ಮ ಹೋದರು. "ನಿನ್ನ ಅಕ್ಷರ ನೋಡಿದ ಕೂಡಲೇ ನಮ್ಮವರದ್ದೇ ಅಂತ ಗೊತ್ತಾಯ್ತು" ಅಂದರು.

ಹೆಮ್ಮೆ ಆಯ್ತು. ಸುಳ್ಳು ಯಾಕೆ.

ಮಾರ್ಚ್ 26, ಬುಧವಾರ

ಬೇಕರಿ ಅಕ್ಕನ ಒಲೆ ಇವತ್ತು ತಣ್ಣಗಿತ್ತು. ದಿನ ಬಿಟ್ಟು ದಿನ ಹಚ್ತಾಳಂತೆ. ಅಜ್ಜಿ ಒಲೇಲಿ ಬ್ರೆಡ್ಡಿನ ರೇಟು ಅರ್ಧ. "ಯಾವ ಹಿಟ್ಟು ಹಾಕ್ತಾನೆ ಅವನು? ಪುಕ್ಕಟೆ ಸೌದೆ ಎಲ್ಲಿ ಸಿಗುತ್ತೆ?" ಅಂದಳು.

ಫೋನು ಬಂತು. ಹಳದಿ ಚೀಲದ ಕಂಪನಿ. ನಾಳೆ ಆಫೀಸಿಗೆ ಬನ್ನಿ, ಕೆಲಸ ಇದೆ ಅಂದರು. ನಾನು ಅರ್ಜಿಯನ್ನೇ ಹಾಕಿಲ್ಲ! ಕಟ್ ಮಾಡಲು ಹೊರಟೆ. ಎದುರಿಗೆ ತಂಗಿ, ನನ್ನ ಮುಖ ನೋಡ್ತಾ.

ಬರ್ತೀನಿ ಅಂದೆ.

ಮಾರ್ಚ್ 27, ಗುರುವಾರ, ಸಂಜೆ

ಮೇಜಿನ ಆಚೆ ಅವನು. ಮಾಸಲಂಗಿ. ಇವತ್ತು ಇಸ್ತ್ರಿ ಅಂಗಿ, ಕೊರಳಿಗೆ ಕಂಪನಿ ಗುರುತುಚೀಟಿಯ ಪಟ್ಟಿ.

"ಗುರುತು ಸಿಕ್ಕಿತಾ ಅಕ್ಕ?"

ಅವನೇ ಎಲ್ಲ ಬಿಡಿಸಿ ಹೇಳಿದ. ಅವನಿಗೆ ಹೆಂಡತಿ ಇಲ್ಲ. ಅಜ್ಜಿಯನ್ನು ಮಾರ್ಕೆಟಿಂಗಿನವರು ಹೆತ್ತಿದ್ದಂತೆ. ಹಿಟ್ಟಿನ ಉಂಡೆ ಕಂಪನಿಯ ಲಾರಿಯಲ್ಲಿ ಮಂಜುಗಡ್ಡೆ ಆಗಿ ಬರುತ್ತೆ. ಅಂಗಡಿಯಲ್ಲಿ ಓವನ್ನಿಗೆ ಹಾಕ್ತಾರೆ ಅಷ್ಟೇ.

"ಜನಕ್ಕೆ ದೊಡ್ಡ ಅಂಗಡಿ ಸಾಕಾಗಿದೆ ಅಕ್ಕ. ಸಣ್ಣದು ಬೇಕಂತಾರೆ. ಸರಿ, ಸಣ್ಣದನ್ನೇ ಕೊಡ್ತೀವಿ."

ಇನ್ನೂ ಎಷ್ಟೋ ಊರಲ್ಲಿ ಅಜ್ಜಿ ಒಲೆ ಬರುತ್ತಂತೆ. ಎಲ್ಲದಕ್ಕೂ ನಾನೇ ಬರೀಬೇಕಂತೆ. ತಿಂಗಳ ಸಂಬಳ, ಇನ್ಶೂರೆನ್ಸು, ಏಪ್ರಿಲ್ ಒಂದಕ್ಕೆ ಸೇರಬೇಕು. ಬೇರೆ ಅಂಗಡಿಗೆ ಬರೆಯೋ ಹಾಗಿಲ್ಲ, ಪುಕ್ಕಟೆಯಾಗಿ ಕೂಡ. "ನಿಮ್ಮ ಕೈ ನೋಡಿದರೆ ಜನ ಒಳಗೆ ಬರ್ತಾರೆ. ನಮಗೆ ಬೇಕಾಗಿರೋದು ಅದೇ."

ದರೋಡೆಕೋರರು ಬಾಗಿಲು ಒಡೀತಾರೆ. ಇವರು ಕರೆಸಿಕೊಂಡು ಒಳಗೆ ಬರ್ತಾರೆ, ನನ್ನ ಅಕ್ಷರದ ಮುಖವಾಡ ಹಾಕಿಕೊಂಡು! ನಮ್ಮ ಬಡತನದ ವೇಷವನ್ನೂ ಬಿಡಲಿಲ್ಲವಲ್ಲ...

ಎದ್ದು ಬರಬೇಕಿತ್ತು. ಬರಲಿಲ್ಲ. ಕೊಟ್ಟ ಚಹಾ ಕುಡಿದೆ. ಸೋಮವಾರದೊಳಗೆ ಹೇಳ್ತೀನಿ ಅಂದೆ.

ತಂಗಿ ಕುಣಿದಳು. ವಿಷಯ ಪೂರ್ತಿ ಹೇಳಿದ ಮೇಲೂ ಅವಳ ಮಾತು ಒಂದೇ.

"ನೀನು ಬರೀದಿದ್ರೆ ಇನ್ನೊಬ್ಬ ಬರೀತಾನೆ."

"ನನ್ನ ಕೈ ನಂಬಿ ಜನ ಹೋಗ್ತಾರೆ ಕಣೆ."

"ನಂಬಿಕೆ ಕೊಟ್ಟರೆ ಯಾವ ಅಂಗಡೀಲಿ ಅಕ್ಕಿ ಕೊಡ್ತಾರೆ, ಹೇಳು, ಚೀಲ ತಗೊಂಡು ಹೋಗ್ತೀನಿ."

ಮಾರ್ಚ್ 29, ಶನಿವಾರ

ಬೇಕರಿ ಅಕ್ಕನಿಗೆ ಹೇಳಿದೆ. ಹಿಟ್ಟಿನ ಮೂಟೆ ಮೇಲೆ ಕೂತು ಕೇಳಿದಳು. ಕೂಗಾಡ್ತಾಳೆ ಅಂದುಕೊಂಡಿದ್ದೆ. ಸಮಾಧಾನ ಮಾಡ್ತಾಳೆ ಅಂತಲೂ ಒಳಗೊಳಗೇ ಆಸೆ ಇತ್ತು. ಎರಡೂ ಇಲ್ಲ.

"ನನಗೆ ಹೇಳಿ ಏನು ಸಿಕ್ತು ನಿನಗೆ?"

"ಅಕ್ಕಾ, ನನಗೂ ಗೊತ್ತಿರಲಿಲ್ಲ—"

"ನಿನಗೆ ಗೊತ್ತಿರಲಿಲ್ಲ, ಒಪ್ಪಿದೆ. ಈಗ ಗೊತ್ತು. ಕೆಲಸಕ್ಕೆ ಸೇರ್ತೀಯಾ, ಸೇರು, ಅದು ನಿನ್ನ ಮನೆ ಮಾತು. ಆದರೆ ಬೀದಿಯಲ್ಲಿ ನಿಂತು ಜನರನ್ನು ಅಲ್ಲಿಗೆ ಕಳಿಸಿದವಳು ನೀನು. ನನ್ನ ಹತ್ರ ಅಳೋದು ಬಿಟ್ಟು ಅವರಿಗೆ ಹೇಳು."

ಮೂಟೆಯಿಂದ ಎದ್ದಳು. ಕೈ ಕೊಡವಿದಳು. ಒಳಗೆ ಹೋದಳು. ಇವತ್ತು ಬ್ರೆಡ್ಡು ತುರುಕಲಿಲ್ಲ.

ಮಾರ್ಚ್ 30, ಭಾನುವಾರ

ಬರೀಲಿಕ್ಕೆ ಏನಿಲ್ಲ. ಬ್ರಷ್ಷು ತೊಳೆದೆ. ಒಣಗಿಸಿದೆ. ಮತ್ತೆ ತೊಳೆದೆ.

ಮಾರ್ಚ್ 31, ಸೋಮವಾರ, ಬೆಳಿಗ್ಗೆ 11

ಮುಗೀತು. ಕೈ ತುಂಬ ಟರ್ಪೆಂಟೈನ್ ವಾಸನೆ. ಇದ್ದದ್ದು ಇದ್ದ ಹಾಗೆ ಬರೆದುಬಿಡ್ತೀನಿ.

ಬೀದಿ ತುಂಬ ಜನ ಇರೋ ಹೊತ್ತಲ್ಲೇ ಏಣಿ ಹೊತ್ತುಕೊಂಡು ಹೋದೆ. ಕಳ್ಳರ ಹಾಗೆ ಕದ್ದು ಬರೆಯೋಕೆ ನಾನೇನು ಕಂಪನಿಯವಳಾ? ಮೂಲೆಗೆ ಏಣಿ ಆನಿಸಿದ ಕೂಡಲೇ ಗೆಳತಿ ಕೌಂಟರಿನಿಂದ ಓಡಿ ಬಂದಳು.

"ಏನೇ ಇದು?"

ಹೇಳಿದೆ. ಅವಳು ಏಣಿ ಹಿಡಿದುಕೊಂಡಳು.

"ನನಗೆ ಮೊದಲ ದಿನವೇ ಗೊತ್ತು. ಲಾರಿ ಇಳಿಸೋಳು ನಾನೇ. ಕೇಳಿದವರಿಗೆ 'ನಾನೇ ನಾದಿದ್ದು' ಅನ್ನಬೇಕು. ಅನ್ನದಿದ್ದರೆ ಸಂಬಳ ಕಟ್. ನಂಗೆ ಈ ಕೆಲಸ ಬೇಕು ಕಣೆ. ನಿಂಗೊತ್ತಲ್ಲ ನನ್ನ ಗಂಡನ ಸ್ಥಿತಿ."

ಗೊತ್ತು. ಹಾಸಿಗೆ ಬಿಟ್ಟು ಏಳದವನು. ಏಣಿಯ ಮೊದಲ ಮೆಟ್ಟಿಲಲ್ಲೇ ನಿಂತೆ. ಬೇಕರಿ ಅಕ್ಕನ ಹೊಟ್ಟೆ ಒಂದು ಕಡೆ, ಇವಳ ಹೊಟ್ಟೆ ಒಂದು ಕಡೆ. ನಮ್ಮ ನಮ್ಮಲ್ಲೇ ತಕ್ಕಡಿ ಹಿಡಿಸಿ ಆ ಮಾಸಲಂಗಿ ಎಲ್ಲೋ ತಣ್ಣಗೆ ಕೂತಿದಾನೆ. ಸಿಟ್ಟು ನೆತ್ತಿಗೇರಿತು. ಇವಳ ಮೇಲಲ್ಲ.

"ನನ್ನ ಹೆಸರು ಹೇಳು. ಬೇಡ ಅಂದರೂ ಕೇಳಲಿಲ್ಲ ಅನ್ನು. ತಳ್ಳಿದಳು ಅಂತ ಬೇಕಾದರೂ ಅನ್ನು."

ಅವಳು ಏಣಿ ಬಿಟ್ಟಳು. ಒಳಗೆ ಹೋದಳು. ಷಟರನ್ನು ಅರ್ಧಕ್ಕೆ ಎಳೆದಳು. ಒಳಗಿಂದ ದನಿ ಮಾತ್ರ ಬಂತು: "ನಾನು ಗೋದಾಮಿನಲ್ಲಿದ್ದೆ. ಏನೂ ನೋಡಿಲ್ಲ."

ಹತ್ತಿದೆ. 'ಮನೆಯವರೇ ನಡೆಸುವ' ಅನ್ನೋದರ ಮೇಲೆ ಒಂದು ಕೆಂಪು ಗೀಟು. ಪಕ್ಕದಲ್ಲಿ ದಪ್ಪಕ್ಕೆ: ಹಳದಿ ಚೀಲದ ಕಂಪನಿ ನಡೆಸುವ. ಅದರ ಕೆಳಗೆ: ನಾನೂ ಮೋಸ ಹೋದೆ, ನಿಮ್ಮನ್ನೂ ಕಳಿಸಿದೆ. ಬರೆದವಳು ನಾನೇ. ಪೂರ್ತಿ ಹೆಸರು ಹಾಕಿದೆ.

ಕೆಳಗೆ ಜನ ನಿಂತಿದ್ದರು. ಚಪ್ಪಲಿ ಹೊಲಿಯುವವರು ಜೋರಾಗಿ ಓದಿದರು, ಓದಲು ಬಾರದವರಿಗೂ ಕೇಳಲಿ ಅಂತ. ನರ್ಸಮ್ಮ ಕೈಲಿದ್ದ ಬ್ರೆಡ್ಡನ್ನು ತಿರುಗಿಸಿ ನೋಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ "ಆದರೂ ರೇಟು ಕಮ್ಮಿ ಅಲ್ವಾ" ಅಂದ. ಅವನಿಗೆ ಏನು ಹೇಳಲಿ. ನಮ್ಮ ಮನೆ ಸೋಪು ಯಾರದ್ದು?

ಮಾರ್ಚ್ 31, ಮಧ್ಯಾಹ್ನ

ಮಾಸಲಂಗಿಯ ಫೋನು. ಅಕ್ಕ ಅನ್ನಲಿಲ್ಲ ಈ ಸಲ. ಪೊಲೀಸರಿಗೆ ಕಂಪ್ಲೇಂಟು ಕೊಟ್ಟಿದಾರಂತೆ. ಆಸ್ತಿ ಹಾಳು ಮಾಡಿದ ಕೇಸು. ಕೆಲಸದ ಮಾತು ಮುಗೀತು, ಅದನ್ನಂತೂ ಹೇಳಬೇಕಾಗಿರಲಿಲ್ಲ. ಒಂದು ದಾರಿ ಕೊಟ್ಟ — ಬರೆದದ್ದು ನಾನಲ್ಲ, ಯಾರೋ ನನ್ನ ಕೈ ನಕಲು ಮಾಡಿದಾರೆ ಅಂತ ಬರೆದುಕೊಟ್ಟರೆ ಕೇಸು ಬಿಡ್ತಾರಂತೆ.

ತಂಗಿ ಬೇಗ ಬಂದಳು. ಕೊನೆಯ ದಿನ, ಆಸ್ಪತ್ರೆಯವರು ಅರ್ಧ ದಿನಕ್ಕೇ ಕಳಿಸಿದರಂತೆ. ಬೋರ್ಡು ನೋಡಿಕೊಂಡೇ ಬಂದಿದಾಳೆ. ಫೋನಿನ ವಿಷಯ ಹೇಳಿದೆ. ಬ್ಯಾಗು ಎಸೆದಳು. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದು. ಬೈದಿದ್ದರೆ ವಾಸಿ ಇತ್ತು.

ಬಾಗಿಲು ಬಡೀತಿದಾರೆ. ಪೊಲೀಸರೇ ಇರಬೇಕು. ಇಬ್ಬರು, ಇಲ್ಲ, ಮೂವರ ದನಿ. ತಂಗಿ ಹೋದಳು. ಕೇಳಿಸ್ತಿದೆ—

"ಅಕ್ಕ ಊರಲ್ಲಿಲ್ಲ. ಅವಳದ್ದಲ್ಲ ಅದು. ಯಾರೋ ನಕಲು ಮಾಡಿರಬೇಕು ಸಾರ್."

ಪಾಪ, ಬೈಯೋ ಬದಲು ನನ್ನನ್ನ ಕಾಪಾಡ್ತಿದಾಳೆ. ಸುಮ್ಮನೆ ಕೂತರೆ ಸಾಕು, ಬಚಾವು. ಆದರೆ ನನ್ನದಲ್ಲ ಅಂದರೆ ಬೋರ್ಡು ಮೇಲಿನ ಮಾತೂ ಸುಳ್ಳಾಗುತ್ತೆ, ನಾಳೆ ಜನ ಮತ್ತೆ ಅಲ್ಲಿಗೇ—

ಬರ್ತಿದೀನಿ ಅಂತ ಕೂಗಿದೆ. ಹೋಗಿ ಹೇಳ್ತೀನಿ, ಆ ಅಕ್ಷರ ನನ್ನದೇ—