ಬಾಗಿಲ ಮೇಲಿನ ಹೆಸರು

ನನ್ನ ಕೈಗೆ ಮೊದಲ ಸಲ ಬಣ್ಣದ ಕುಂಚ ಕೊಟ್ಟ ಫಾದರ್‌ಗೆ,

ನೀವು ತೀರಿಹೋಗಿ ಹತ್ತು ವರ್ಷದ ಮೇಲಾಯಿತು. ಇಷ್ಟು ದಿನ ನಿಮಗೊಂದು ಪತ್ರ ಬರೆಯಬೇಕು ಅನ್ನಿಸಿರಲಿಲ್ಲ. ಈಗ ಬರೆಯುತ್ತಿರುವುದೂ ಪ್ರೀತಿಯಿಂದಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನೀವು ನಮಗೆ ಸುಳ್ಳು ಹೇಳಿದಿರಿ.

ನಿಮ್ಮ ಊರಿನ ಚರ್ಚಿನ ಮಾತು ಮೊದಲು ತೆಗೆದದ್ದು ಯಾವಾಗ, ನೆನಪಿದೆಯೇ? ಸಿಕಂದರಾಬಾದಿನ ನಿಮ್ಮ ಚರ್ಚಿನ ಹಿಂದೆ ಬೇವಿನ ನೆರಳಿಗೆ ಕೂತು ನಾನೂ ಮಲ್ಲಪ್ಪನೂ ರೊಟ್ಟಿ ಬಿಚ್ಚಿದ್ದೆವು. ನೀವು ಬಂದು ನೆಲದ ಮೇಲೇ ಕೂತು, ಕೇಳದೆಯೇ ಒಂದು ರೊಟ್ಟಿ ಮುರಿದುಕೊಂಡಿರಿ. ಸಿಮೆಂಟಿನ ಖಾಲಿ ಚೀಲ ಹರಡಿ ಇದ್ದಿಲಿನಿಂದ ಒಂದು ಬಾಗಿಲು ಬರೆದಿರಿ. ಇಟಲಿಯ ಗುಡ್ಡದ ಊರು, ಎಂಟುನೂರು ವರ್ಷದ ಹಿಂದಿನ ಗುಡಿ. ಬಾಗಿಲ ಎರಡೂ ಕಡೆ ಮಲಗಿದ ಕಲ್ಲಿನ ಸಿಂಹ, ಅವುಗಳ ಬೆನ್ನ ಮೇಲೆ ಕಂಬ. ಸುತ್ತ ಕಮಾನಿನಲ್ಲಿ ವರ್ಷದ ಹನ್ನೆರಡು ತಿಂಗಳು: ಒಂದು ತಿಂಗಳಿಗೆ ದ್ರಾಕ್ಷಿ ಬಳ್ಳಿ ಕತ್ತರಿಸುವವನು, ಇನ್ನೊಂದಕ್ಕೆ ತೆನೆ ಬಡಿಯುವವನು, ಚಳಿಗಾಲಕ್ಕೆ ಬೆಂಕಿಗೆ ಕಾಲು ಚಾಚಿ ಕೂತ ಮುದುಕ. "ದೇವ್ರ ಬಾಗ್ಲಾಗ ಒಕ್ಕಲಿಗ್ರು ಯಾಕ್ರಿ ಫಾದರ್?" ಅಂತ ಮಲ್ಲಪ್ಪ ಕೇಳಿದ. ನೀವು ರಾಯಚೂರಿನ ಕಡೆ ಇದ್ದಾಗ ಕಲಿತ ಕನ್ನಡದಲ್ಲಿ, "ಅವರನ್ನು ಬಿಟ್ಟರೆ ದೇವರ ಹತ್ತಿರ ಇನ್ಯಾರಿಗೆ ಕೆಲಸ ಐತಿ?" ಅಂದಿರಿ. ನಾನು ನಿಮ್ಮನ್ನು ನಂಬಿದ್ದು ಆವತ್ತು.

ಸುಣ್ಣ ನನಗೆ ಹೊಸದಲ್ಲ. ನಮ್ಮಪ್ಪ ಹಳೆಯ ಮನೆಗಳಿಗೆ ಗಚ್ಚು ಹಾಕುತ್ತಿದ್ದ. ಆದರೆ ಹಸಿ ಗಾರೆಗೆ ಬಣ್ಣ ಕುಡಿಸಬಹುದು ಅನ್ನುವುದನ್ನು ತೋರಿಸಿದವರು ನೀವು. ಬಲಿಪೀಠದ ಹಿಂದಿನ ಗೋಡೆಯಲ್ಲಿ ಬೆಳಿಗ್ಗೆ ಒಂದು ದಿನಕ್ಕಾಗುವಷ್ಟೇ ಗಾರೆ ಮೆತ್ತಬೇಕು, ಅದು ಒಣಗುವುದರೊಳಗೆ ಬಣ್ಣ ಮುಗಿಸಬೇಕು. ಸಂಜೆಗೆ ಉಳಿದದ್ದು ವ್ಯರ್ಥ, ಕೆತ್ತಿ ತೆಗೆಯಬೇಕು. ಮರುದಿನ ಪಕ್ಕದಲ್ಲಿ ಹೊಸ ತುಂಡು. ನಿಮ್ಮ ಊರಿನವರೂ ಹೀಗೆಯೇ ಮಾಡಿದ್ದರು, ತುಂಡಿನ ಗೆರೆ ಎಣಿಸಿದರೆ ಎಷ್ಟು ದಿನದ ಕೆಲಸ ಅಂತ ಹೇಳಬಹುದು ಅಂದಿರಿ. ನಿಮ್ಮ ಹನ್ನೆರಡು ತಿಂಗಳನ್ನು ನಮ್ಮ ಗೋಡೆಗೆ ತಂದಿರಿ. ದ್ರಾಕ್ಷಿಯ ಜಾಗಕ್ಕೆ ಜೋಳದ ಕೊಯ್ಲು ಬಂತು. ಎತ್ತಿನ ತಿಂಗಳು ಬಂದಾಗ ಕುಂಚವನ್ನು ಮಲ್ಲಪ್ಪನ ಕೈಗೆ ಕೊಟ್ಟಿರಿ. ಅವನು ಬರೆದ ಎತ್ತಿನ ಒಂದು ಕೊಂಬು ಕೆಳಗೆ ಬಾಗಿತ್ತು. ನಾನು ನಕ್ಕೆ. "ನಗಬ್ಯಾಡ ಮಾಮಾ, ನಮ್ಮನಿ ಎತ್ತು ಹಂಗೇ ಇತ್ತು" ಅಂದ. ಅವನು ನನ್ನ ಹೆಂಡತಿಯ ತಮ್ಮ. ಕೆಲಸದಲ್ಲಿ ನನಗಿಂತ ಚುರುಕು. ಇದನ್ನು ಅವನಿಗೆ ಒಂದು ಸಲವೂ ಹೇಳಲಿಲ್ಲ ನಾನು.

ಕಡೆಯ ದಿನ ಅವನು ಎತ್ತಿನ ಕಾಲ ಬುಡದಲ್ಲಿ, ಗಾರೆ ಹಸಿಯಿದ್ದಾಗಲೇ, ಮೊಳೆಯಿಂದ ತನ್ನ ಹೆಸರು ಗೀರಿದ. ನೀವು ನೋಡಿದಿರಿ. ಸಿಟ್ಟು ಮಾಡಲಿಲ್ಲ, ಸಿಟ್ಟಿನ ಕೆಲಸ ಯಾವಾಗಲೂ ನನ್ನದಾಗಿತ್ತು. ಮಣೆಯ ಮೇಲೆ ಕೂತು ಮೆತ್ತಗೆ ಹೇಳಿದಿರಿ: ನಮ್ಮ ಊರಿನಲ್ಲಿ ಆ ಸಿಂಹ ಕೆತ್ತಿದವನು ಯಾರು? ಒಳಗಿನ ಗೋಡೆಯ ಚಿತ್ರ ಬರೆದವನು ಯಾರು? ಎಂಟುನೂರು ವರ್ಷದಿಂದ ಯಾರಿಗೂ ಗೊತ್ತಿಲ್ಲ, ಅವರು ಹೆಸರು ಬರೆಯಲಿಲ್ಲ, ದೇವರಿಗೆ ಬಿಟ್ಟು ಹೋದರು. ಹೇಳುವಾಗ ನಿಮ್ಮ ಕಣ್ಣು ತುಂಬಿತ್ತು. ನನ್ನ ಕಣ್ಣೂ. ಮಲ್ಲಪ್ಪ ಮಾತ್ರ, "ಅದು ನಿಮ್ಮೂರು ಫಾದರ್. ಇಲ್ಲಿ ನಾ ಮಾಡಿದ್ದಕ್ಕ ನಾ ಬರದೀನಿ" ಅಂದ. ನಿಮ್ಮೆದುರು ನಾನು ತಲೆ ತಗ್ಗಿಸುವ ಹಾಗಾಯಿತು. ಕರಣೆ ತೆಗೆದುಕೊಂಡು, "ದೇವ್ರ ಗ್ವಾಡಿ ಮ್ಯಾಲ ನಿಂದೇನಲೇ ಹೆಸರು?" ಅಂತ ಒಂದೇ ಎಳೆತಕ್ಕೆ ಒರೆಸಿಬಿಟ್ಟೆ. ಅವನು ನನ್ನನ್ನು ನೋಡಿದ. ಆಮೇಲೆ ನಿಮ್ಮನ್ನು ನೋಡಿದ. ನನ್ನ ಕೈ ಹಿಡಿಯಲು ನಿಮಗೆ ಸಮಯವಿತ್ತು ಫಾದರ್. ನೀವು ಹಿಡಿಯಲಿಲ್ಲ.

ಅವನು ಡ್ರಮ್ಮಿನಲ್ಲಿ ಕೈ ತೊಳೆದುಕೊಂಡು ಹೋದ. ಮತ್ತೆ ನನ್ನ ಜೊತೆ ಕೆಲಸಕ್ಕೆ ಬರಲಿಲ್ಲ. ಹಬ್ಬಕ್ಕೆ ಅಕ್ಕನನ್ನು ನೋಡಲು ಬಂದರೆ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದ, ನಮ್ಮ ಮನೆಯಲ್ಲಿ ಊಟಕ್ಕೆ ಕೂರಲಿಲ್ಲ. ಮೂರು ವರ್ಷದ ಹಿಂದೆ ತೀರಿಕೊಂಡ. ನಾನೋ, ನಿಮ್ಮ ಕಥೆಯನ್ನು ಊರೆಲ್ಲ ಹೇಳಿಕೊಂಡು ತಿರುಗಿದೆ. ಎಲ್ಲೇ ಯಾರೇ ಹಸಿ ಸಿಮೆಂಟಿನಲ್ಲಿ ಹೆಸರು ಕೊರೆದರೂ ಎದುರಿಗೆ ನಿಂತು ಇಟಲಿಯ ಸಿಂಹದ ಮಾತು ಹೇಳಿ ಅಳಿಸಿದ್ದೇನೆ. ಎಷ್ಟು ಜನರ ಹೆಸರೋ…

ಹೋದ ತಿಂಗಳು ಚರ್ಚಿನ ಕಮಿಟಿಯವರು ಕರೆಸಿದರು. ನೆಲದ ತೇವ ಮೇಲೇರಿ ಗೋಡೆಯ ಬುಡದ ಗಾರೆ ಉದುರಿದೆ, ಸುಣ್ಣದ ಕೆಲಸ ಗೊತ್ತಿರುವವರು ಬೇರೆ ಸಿಗಲಿಲ್ಲ. ಗೋಡೆಯ ವಿವರ ಬರೆದುಕೊಳ್ಳಲು ಸೌಜನ್ಯ ಅಂತ ಒಬ್ಬ ಆರ್ಕಿಟೆಕ್ಟ್ ಹುಡುಗಿ ಬಂದಿದ್ದಳು. ನಾರಾಯಣಗೂಡದವಳು, ತಾಯಿಯ ತವರು ರಾಯಚೂರು. ಅವಳಿಗೂ ಹೆಮ್ಮೆಯಿಂದ ನಿಮ್ಮ ಕಥೆ ಹೇಳಿದೆ. ಅವಳು ನಿಮ್ಮ ಊರಿನ ಹೆಸರು ಕೇಳಿ ಫೋನಿನಲ್ಲಿ ಹುಡುಕಿದಳು. ನೀವು ಚೀಲದ ಮೇಲೆ ಬರೆದ ಹಾಗೆಯೇ ಇತ್ತು ಬಾಗಿಲು. ಅದೇ ಸಿಂಹ, ಬೆಂಕಿಗೆ ಕಾಲು ಚಾಚಿದ ಅದೇ ಮುದುಕ.

"ತಾತಾ, ಬಾಗ್ಲದ ಮ್ಯಾಲೆ ಬರದಾರಲ್ಲ" ಅಂದಳು.

"ಏನಂತ?"

"ಕೆತ್ತಿದವ್ರ ಹೆಸರು, ಲ್ಯಾಟಿನ್ ಭಾಷಾದಾಗ. ಅರ್ಥಾನೂ ಇಲ್ಲೇ ಕೊಟ್ಟಾರ. ಒಳಗ ಬರೋರೆಲ್ಲ ನನಗಾಗಿ ಬೇಡ್ಕೊಳ್ರಿ ಅಂತ. ಒಳಗಿನ ಚಿತ್ರದ ಕೆಳಗೂ ಐತಿ, ಬರದವಂದು, ಅವನ ಜೋಡಿ ಕೆಲಸ ಮಾಡಿದವಂದು."

ಮೂರು ಸಲ ಓದಿಸಿದೆ. ಜೊತೆ ಕೆಲಸ ಮಾಡಿದವನ ಹೆಸರು ಕೂಡ. ನನ್ನ ಮುಖ ನೋಡಿ ಆ ಹುಡುಗಿ, "ಫಾದರ್‌ಗೆ ಗೊತ್ತಿರಲಿಕ್ಕಿಲ್ಲ ಬಿಡ್ರಿ" ಅಂದಳು.

"ಆ ಬಾಗ್ಲಾಗ ಹಾದೇ ಅವ್ರು ಬೆಳದಾರ. ಆ ಭಾಷಾ ಕಲ್ತೇ ಫಾದರ್ ಆಗ್ಯಾರ. ನನಗ ಹೇಳಬ್ಯಾಡ" ಅಂದೆ. ಪಾಪ, ಅವಳದೇನು ತಪ್ಪು.

ಯಾಕೆ ಹೇಳಿದಿರಿ? ನಮ್ಮ ಗರ್ವ ಇಳಿಸಲೆಂದೇ? ಇಲ್ಲವೇ, ನಿಮ್ಮ ಊರು ಹಾಗಿದ್ದರೆ ಚೆನ್ನಾಗಿತ್ತು ಅಂದುಕೊಂಡು ಹೇಳುತ್ತಾ ಹೇಳುತ್ತಾ ನೀವೇ ನಂಬಿದಿರೇ? ನಿಮ್ಮ ಪರ ವಾದಿಸಲು ನಾನು ಬಹಳ ನೋಡಿದೆ. ಆದರೆ ಗೋಡೆಯ ಚಿತ್ರವನ್ನು ಜನರಿಗೆ ತೆರೆದು ತೋರಿಸಿದ ದಿನ ಬಿಷಪ್ಪರು ನಿಮ್ಮ ಕೊರಳಿಗೆ ಹಾರ ಹಾಕಿದರು, ಪೇಪರಿನಲ್ಲಿ ನಿಮ್ಮ ಫೋಟೋ, ನಿಮ್ಮ ಹೆಸರು. ಹೆಸರು ದೇವರಿಗೆ ಬಿಡಬೇಕು ಅಂತ ಆವತ್ತು ನೀವು ಅನ್ನಲಿಲ್ಲ. ನಾನು ಕಡೆಯ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಈಗ ಕಮಿಟಿಯವರು ಹಿತ್ತಾಳೆಯ ಫಲಕ ಮಾಡಿಸಿದ್ದಾರೆ. ಈ ಗೋಡೆ ಮಾಡಿದವರು ನೀವು ಅಂತ. ನೀವೊಬ್ಬರೇ.

ಮನೆಗೆ ಬಂದು ಹೇಳಿದಾಗ ಹೆಂಡತಿ ನಾಗಮ್ಮ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಿಮಗ ಈಗ ಗೊತ್ತಾತೇನು? ನನ್ ತಮ್ಮ ಆವತ್ತೇ ಅಂದಿದ್ದ. ಅಷ್ಟು ದೊಡ್ಡ ಸಿಂಹ ಕೆತ್ತಿದವ ಸುಮ್ನ ಹೋಗಿರ್ತಾನೇನಕ್ಕಾ, ಅಂತ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನೀವು ಯಾರ ಮಾತು ಕೇಳ್ತಿದ್ರಿ, ಆ ಫಾದರ್ ಮಾತು ಬಿಟ್ಟು?"

ಕರಣೆ ಹಿಡಿದ ಕೈ ನನ್ನದೇ, ಅದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ. ಆದರೆ ಆ ಕೈಗೆ ಬಲ ಕೊಟ್ಟ ಮಾತು ನಿಮ್ಮದು. ಅದನ್ನು ನೀವು ಹೊರಿ.

ಮೊನ್ನೆ ಎತ್ತಿನ ಬುಡಕ್ಕೆ ಹೊಸ ಗಾರೆ ಹಾಕಿ, ಮಲ್ಲಪ್ಪನ ಹೆಸರು ನಾನೇ ಬರೆಯೋಣ ಅಂತ ಮೊಳೆ ಹಿಡಿದೆ. ಬರೆಯಲಾಗಲಿಲ್ಲ. ಅಳಿಸಿದವನೇ ಬರೆದರೆ ಅದು ಅವನ ಹೆಸರು ಹೇಗಾಗುತ್ತದೆ? ಸಂಜೆಗೆ ಗಾರೆ ಒಣಗಿತು, ಕೆತ್ತಿ ತೆಗೆದೆ. ಮರುದಿನ ನಾಗಮ್ಮನಿಂದ ನಂಬರು ಇಸಿದುಕೊಂಡು ಅವನ ಮಗಳು ರೇಣುಕಾಗೆ ಫೋನು ಮಾಡಿದೆ. ಕೊಂಡಾಪುರದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. "ನಿಮ್ಮ ಅತ್ತಿ ಗಂಡ" ಅಂತ ಗುರುತು ಹೇಳಿಕೊಂಡೆ. ಎತ್ತಿನ ವಿಷಯ ಹೇಳಿದೆ.

"ನಮ್ಮಪ್ಪ ಚಿತ್ರ ಬರದಾರಾ? ಚರ್ಚಿನಾಗ? ಅವ್ರು ಅಲ್ಲಿ ಗ್ವಾಡಿಗೆ ಸುಣ್ಣ ಹೊಡದೀನಿ ಅಷ್ಟೇ ಅಂತಿದ್ರು."

ಕೇಳಿದಿರಾ ಫಾದರ್? ಸುಣ್ಣ ಹೊಡೆದೆ ಅಷ್ಟೇ ಅಂತ ಹೇಳಿಕೊಂಡು ಸತ್ತ ಅವನು.

ಅವಳಿಗೆ ರಜೆ ಭಾನುವಾರ ಮಾತ್ರ. ಭಾನುವಾರ ನೀವು ನಮಗೆ ಕುಂಚ ಮುಟ್ಟಲು ಬಿಡುತ್ತಿರಲಿಲ್ಲ. ಈ ಭಾನುವಾರ ಬೆಳಗಿನ ಪೂಜೆ ಮುಗಿದ ಕೂಡಲೇ ಎತ್ತಿನ ಕಾಲ ಕೆಳಗೆ ಒಂದು ಮೊಳ ಗಾರೆ ಮೆತ್ತುತ್ತೇನೆ. ಹನ್ನೊಂದಕ್ಕೆ ಅವಳು ಬರುತ್ತಾಳೆ. ಅವಳಪ್ಪನ ಹೆಸರು ಅಳಿಸಿದವನು ನಾನು, ಯಾವ ಮಾತು ನಂಬಿ ಅಳಿಸಿದೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಆಮೇಲೆ ಮೊಳೆ ಅವಳ ಕೈಗೆ. ಬರೆದರೆ ಬರೆಯಲಿ. ಕೇಳಿ ಎದ್ದು ಹೋದರೆ, ಆ ತುಂಡಿಗೆ ಬಣ್ಣ ಹಚ್ಚದೆ ಹಾಗೇ ಬಿಡುತ್ತೇನೆ, ನೋಡಿದವರು ಯಾಕೆ ಅಂತ ಕೇಳಲಿ.

ನಿಮ್ಮ ಫಲಕವನ್ನು ಗೋಡೆಗೆ ಕೂರಿಸುವ ಕೆಲಸವನ್ನೂ ನನಗೇ ಒಪ್ಪಿಸಿದ್ದಾರೆ. ಮಾಡಿಕೊಡುತ್ತೇನೆ. ಆದರೆ ರೇಣುಕಾ ಬಂದು ಹೋಗುವ ತನಕ ಅದು ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಿಂತಿರುತ್ತದೆ.

ನಿಮ್ಮ ಮಾತು ನಂಬಿದ್ದ
ಶರಣಪ್ಪ