ಡ್ರೈವರ್ ಹಿಂದಿನ ಸೀಟು

ನಂಜನಗೂಡು
೧೯-೮-೨೦೦೩, ಮಂಗಳವಾರ ಬೆಳಿಗ್ಗೆ

ಪ್ರೀತಿಯ ನೀಲಾ,

ನಿನ್ನ ಸೊಂಟನೋವು ಹೇಗಿದೆ? ಇಡೀ ದಿನ ನಿಂತೇ ಪಾಠ ಮಾಡಬೇಡ, ಶಾಲೆಯವರು ಕುರ್ಚಿ ಕೊಟ್ಟಿರುವುದು ಕೂರುವುದಕ್ಕೇ. ಅಳಿಯಂದಿರ ಕೆಮ್ಮು ನಿಂತಿತೇ? ಗಾನವಿ ತಟ್ಟೆಯಲ್ಲಿ ಅನ್ನ ಬಿಡುವುದನ್ನು ಬಿಟ್ಟಳೇ? ಇಲ್ಲಿ ನಂಜುಂಡೇಶ್ವರನ ದಯದಿಂದ ನಿಮ್ಮಪ್ಪ ಚೆನ್ನಾಗಿದ್ದಾರೆ. ಬಹಳ ಚೆನ್ನಾಗಿದ್ದಾರೆ. ಚೆನ್ನಾಗಿಲ್ಲದವಳು ನಾನು. ಫೋನಿನಲ್ಲಿ ಹೇಳೋಣವೆಂದರೆ ಬೂತಿನ ಮರಿಸ್ವಾಮಿ ಬಿಲ್ಲು ನೋಡುವ ನೆಪದಲ್ಲಿ ಕಿವಿಯನ್ನು ನನ್ನ ಕಡೆಗೇ ಇಟ್ಟಿರುತ್ತಾನೆ. ಅದಕ್ಕೇ ಈ ಕಾಗದ. ಓದಿ ಹರಿದು ಹಾಕು, ಅಳಿಯಂದಿರ ಕೈಗೆ ಸಿಗುವುದು ಬೇಡ.

ನಿನ್ನ ಮಾತು ಕೇಳಿಯೇ ತಾನೆ, ಮರೆವಿನ ಕಾಯಿಲೆಯವರಿಗೆಂದು ಇಲ್ಲಿ ತೆರೆದಿರುವ ಕೇಂದ್ರಕ್ಕೆ ನಿಮ್ಮಪ್ಪನನ್ನು ದಿನವೂ ಕರೆದುಕೊಂಡು ಹೋಗುತ್ತಿರುವುದು. ಇಂದ್ರಾಣಿ ಎಂಬ ಹುಡುಗಿ ನಡೆಸುತ್ತಾಳೆ. ಮೊದಲು ಎಲ್ಲರಿಂದ ಚಪ್ಪಾಳೆ ತಟ್ಟಿಸುತ್ತಾಳೆ, ಕೈಯೆತ್ತಿಸುತ್ತಾಳೆ, ಒಬ್ಬರ ಹೆಗಲು ಒಬ್ಬರು ಹಿಡಿದು ಸುತ್ತು ಬರಿಸುತ್ತಾಳೆ. ಆಮೇಲೆ ನಾಟಕ. ಒಂದು ದಿನ ಸಂತೆ, ಒಂದು ದಿನ ಮದುವೆಮನೆ. ತಲೆ ಮರೆತದ್ದು ಕೈಕಾಲಿಗೆ ನೆನಪಿರುತ್ತದೆ ಅನ್ನುತ್ತಾಳೆ. ನಿಮ್ಮಪ್ಪ ಬಸ್ ಕಂಡಕ್ಟರಾಗಿದ್ದರೆಂದು ನಾನೇ ಬಾಯಿಬಿಟ್ಟೆ ನೋಡು, ಮಾರನೆಯ ದಿನವೇ ಕುರ್ಚಿಗಳನ್ನು ಜೋಡಿಸಿ ಬಸ್ಸು ಮಾಡಿಬಿಟ್ಟಳು. ಹೆಗಲಿಗೆ ಚೀಲ, ಬಾಯಿಗೆ ವಿಷಲ್ಲು. ಮಂಚ ಬಿಟ್ಟು ಏಳದಿದ್ದ ಮನುಷ್ಯ "ನರಸೀಪುರ, ನಂಜನಗೂಡು, ತಾಂಡವಪುರ, ಮೈಸೂರು, ರೈಟ್ ರೈಟ್!" ಎಂದು ಕೂಗಿದರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಈಗ ಬೆಳಿಗ್ಗೆ ತಾವೇ ಅಂಗಿಯ ಗುಂಡಿ ಹಾಕಿಕೊಂಡು, ತಲೆ ಬಾಚಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ನನಗಾಗಿ ಬಾಚಿಕೊಳ್ಳುವುದಲ್ಲ, ಅದನ್ನೇ ಹೇಳಲು ಹೊರಟೆ.

ಅಲ್ಲಿಗೆ ಗೋವಿಂದಮ್ಮ ಅಂತ ಒಬ್ಬಳು ಬರುತ್ತಾಳೆ. ನರಸೀಪುರದವಳು, ಇಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳಿಗೂ ಇದೇ ಕಾಯಿಲೆ, ಪಾಪ ಅನ್ನಬೇಕು, ಅನ್ನುವುದಕ್ಕೆ ನನಗೆ ಮನಸ್ಸು ಬರುತ್ತಿಲ್ಲ. ನೋಡಲು ಏನೂ ಇಲ್ಲ ಕಣೆ, ಮುಂದಿನ ಹಲ್ಲೂ ಇಲ್ಲ. ಒಂದು ವೈರ್ ಬುಟ್ಟಿಯನ್ನು ಎದೆಗೆ ಅವಚಿಕೊಂಡೇ ಇರುತ್ತಾಳೆ, ಒಳಗೆ ಒಂದು ಬಾಚಣಿಗೆ ಬಿಟ್ಟರೆ ಮತ್ತೇನಿಲ್ಲ. ನಿಮ್ಮಪ್ಪ ಬಸ್ಸು ಹೊರಡುವ ಮೊದಲು ಡ್ರೈವರ್ ಹಿಂದಿನ ಸೀಟಿಗೆ ತಮ್ಮ ಟವೆಲ್ ಹಾಸಿ ಕಾದಿರಿಸುತ್ತಾರೆ. ಯಾರನ್ನೂ ಕೂರಗೊಡುವುದಿಲ್ಲ. ಅವಳು ಬುಟ್ಟಿ ಹಿಡಿದು ಹತ್ತಿದಳೋ, ಟವೆಲ್ ತೆಗೆದು, ಕೊಡವಿ, "ಬಾಮ್ಮಿ, ಕೂತ್ಕೊ, ಬಿಸ್ಲಲ್ಲಿ ನಿಂತಿದ್ಯಾ?" ಅನ್ನುತ್ತಾರೆ. ಅಮ್ಮಿ ಅಂತೆ! ಮದುವೆಯಾದ ಹೊಸದರಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಹಾಗೆ. ನಾವು ತಾಂಡವಪುರದಲ್ಲಿದ್ದಾಗ ಮಧ್ಯಾಹ್ನದ ಟ್ರಿಪ್ಪಿಗೆ ನಾನು ಅವರಿಗೆ ಊಟ ಹಿಡಿದು ರೈಲ್ವೆ ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ಅವರು ಉಣ್ಣುವುದು ಮೈಸೂರು ಸ್ಟ್ಯಾಂಡಿನಲ್ಲಿ, ಅಲ್ಲಿಯವರೆಗೆ ಅದೇ ಸೀಟು ನನಗೆ, ಹೀಗೇ ಟವೆಲ್ ಹಾಸಿ. ನಿಂತವರೆಲ್ಲ ಗೊಣಗಿದರೂ ಬಿಟ್ಟುಕೊಡುತ್ತಿರಲಿಲ್ಲ. ಮೊನ್ನೆ ನಾನೂ ಆ ಕುರ್ಚಿ ಬಸ್ಸು ಹತ್ತಿದೆ. ನನ್ನ ಮುಖ ನೋಡಿ, "ಎಲ್ಲಿಗಮ್ಮ? ಇಂದಕ್ಕೆ ಓಗಿ, ಜಾಗ ಅದೆ" ಅಂದರು. ಹೊಟ್ಟೆ ಉರಿಯಿತು ನೀಲಾ. ಇವರಿಗೆ ಸ್ನಾನ ಮಾಡಿಸುವುದು ನಾನು, ರಾಗಿಮುದ್ದೆ ಮುರಿದು ಬಾಯಿಗಿಡುವುದು ನಾನು, ಟವೆಲ್ ಒಗೆಯುವುದೂ ನಾನು. ಹಾಸುವುದು ಮಾತ್ರ ಅವಳಿಗೆ!

ವಯಸ್ಸಾದ ಮೇಲೆ ಇದೇನು ಹುಚ್ಚು ಎಂದು ನೀನು ನಗಬಹುದು. ನಗು. ಆದರೆ ನನ್ನಿಂದ ಇನ್ನು ನೋಡಲಾಗುವುದಿಲ್ಲ. ಈ ಹೊತ್ತು ಹೋಗಿ, ನಾಳೆಯಿಂದ ಬರುವುದಿಲ್ಲವೆಂದು ಇಂದ್ರಾಣಿಗೆ ಹೇಳಿಬಿಡುತ್ತೇನೆ. ಮನೆಯಲ್ಲೇ ಕೂತರೆ ಮತ್ತೆ ಮಂಚ ಹಿಡಿಯುತ್ತಾರೆ ಎಂದು ನೀನು ಬೈಯುತ್ತೀಯ, ಗೊತ್ತು. ಮಂಚದ ಮೇಲಿದ್ದರೂ ನನ್ನ ಪಾಲಿಗೇ ಇರುತ್ತಾರಲ್ಲ.

ಅಳಿಯಂದಿರಿಗೆ ನನ್ನ ಶರಣು ತಿಳಿಸು. ಗಾನವಿಯ ಕೆನ್ನೆಗೆ ಅಜ್ಜಿಯ ಮುತ್ತು. ನಿಮ್ಮ ಮೂವರನ್ನೂ ಆ ಶಿವ ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಚನ್ನಬಸಮ್ಮ

ಮತ್ತೆ: ಕಾಗದ ಇನ್ನೂ ಡಬ್ಬಿಗೆ ಹಾಕಿಲ್ಲ, ಕೇಂದ್ರದಿಂದ ಬಂದು ಮಧ್ಯಾಹ್ನ ಬರೆಯುತ್ತಿದ್ದೇನೆ. ಗೋವಿಂದಮ್ಮ ಬಂದಿರಲಿಲ್ಲ, ಜ್ವರವಂತೆ. ಸೀಟು ಖಾಲಿ, ಮೇಲೆ ಟವೆಲ್. ಇವತ್ತಾದರೂ ನನ್ನದೇ ಎಂದು ಟವೆಲ್ ಎತ್ತಿ ಕೂರಲು ಹೋದೆ. ನಿಮ್ಮಪ್ಪ ಓಡಿ ಬಂದು ಅಡ್ಡ ನಿಂತರು. "ಅಲ್ಲಿ ಕೂರ್ಬ್ಯಾಡಿ ಕಣಮ್ಮ. ನಮ್ ಚನ್ನಿ ತಾಂಡವಪುರ ಗೇಟಲ್ಲಿ ಬಸ್ ಅತ್ತುತಾಳೆ, ಬುಟ್ಟೀಲಿ ಊಟ ತತ್ತಾಳೆ" ಅಂದರು. ನಾನು ಹಿಂದಿನ ಕುರ್ಚಿಗೆ ಹೋಗಿ ಕೂತೆ. ಅವರು ಪ್ರತಿ ಸ್ಟಾಪಿನಲ್ಲೂ ಬಾಗಿಲಿಗೆ ಬಗ್ಗಿ ಬಗ್ಗಿ ನೋಡುತ್ತಿದ್ದರು. ಗೋವಿಂದಮ್ಮನ ಮೇಲಿನ ಉರಿ ಈಗ ಆ ತಾಂಡವಪುರದವಳ ಮೇಲೆ ತಿರುಗಿದೆ, ಏನು ಮಾಡಲಿ ಹೇಳು. ಇಂದ್ರಾಣಿಗೆ ಏನೂ ಹೇಳದೆ ಬಂದೆ. ನೀನು ಬಾಣಂತನ ಮುಗಿಸಿಕೊಂಡು ಹೋಗುವಾಗ ಒಯ್ದ ನನ್ನ ಹಸಿರು ವೈರ್ ಬುಟ್ಟಿ ಇದೆಯಲ್ಲ, ಹಿಡಿ ಕಿತ್ತಿದ್ದರೂ ಚಿಂತೆಯಿಲ್ಲ, ಈ ಕಡೆ ಬರುವವರ ಕೈಯಲ್ಲಿ ಕೂಡಲೇ ಕೊಟ್ಟು ಕಳಿಸು. ಗೋವಿಂದಮ್ಮನ ಜ್ವರ ಬಿಡುವುದರೊಳಗೆ ನನ್ನ ಕೈ ಸೇರಬೇಕು.